ಆ ಬಚ್ಚಲುಮನೆಯಿಂದ ಶುರು ಮಾಡು

ಪ್ರೀತಿಯ ತಂಗಿಗೆ,

ನಿನ್ನ ಲೇಖನ ಎರಡು ಸಲ ಓದಿದೆ. 2023ರ ಮೇ 20ರಂದು ಫ್ರಾನ್ಸಿನ ಫ್ಯಾಷನ್ ಕಂಪನಿ ಡಿಯೋರ್ ಮೆಕ್ಸಿಕೋ ನಗರದಲ್ಲಿ ತೋರಿಸಿದ ಉಡುಪುಗಳ ಮೇಲೆ ಇಷ್ಟು ಆಸೆಯಿಂದ ಬರೆದಿದ್ದೀಯ, ಖುಷಿಯಾಯಿತು. ಆದರೆ ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಬಗ್ಗೆ 'ಫ್ರೀಡಾ ಕಾಹ್ಲೊ ಅವರಿಂದ ಪ್ರೇರಣೆ ಪಡೆದ' ಅನ್ನೋ ಮಾತು ನಾಲ್ಕು ಕಡೆ ಬಂದಿದೆ. ನಾಲ್ಕನ್ನೂ ತೆಗೆದುಬಿಡು. ಪ್ರೇರಣೆ ಅಂದರೆ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಯಾವ ಕೋಣೆಯಿಂದ, ಯಾವ ಫೋಟೋದಿಂದ ಆ ಬಟ್ಟೆ ಬಂತು ಅಂತ ಹೇಳು.

ಪ್ರದರ್ಶನ ನಡೆದ ಸಾನ್ ಇಲ್ಡೆಫೊನ್ಸೊ ಕಾಲೇಜನ್ನು 'ಭವ್ಯ ಕಟ್ಟಡ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಕಮಾನುಗಳ ನಡುವಿನ ಅಂಗಳ, ಗೋಡೆ ತುಂಬ ಮೆಕ್ಸಿಕೋದ ಕಲಾವಿದ ಒರೊಸ್ಕೊ ಬಿಡಿಸಿದ ಚಿತ್ರಗಳು. ಫ್ರೀಡಾ 1922ರಲ್ಲಿ ಓದಲು ಸೇರಿದ್ದು ಇಲ್ಲೇ. ಸುಮಾರು 2000 ವಿದ್ಯಾರ್ಥಿಗಳಲ್ಲಿ ಹುಡುಗಿಯರು 35 ಮಂದಿ! ಇದನ್ನು ಹೇಳಿದರೆ, ಪ್ರದರ್ಶನದಲ್ಲಿ ರೂಪದರ್ಶಿಯರು ಗಂಡಸರ ಸೂಟು ಹಾಕಿ ನಡೆದದ್ದಕ್ಕೆ ಅರ್ಥ ಬರುತ್ತದೆ. ಆ ಸೂಟಿನ ಮೂಲ ಫ್ರೀಡಾ ಸೂಟು ತೊಟ್ಟು ನಿಂತ 1926ರ ಒಂದು ಮನೆಮಂದಿಯ ಫೋಟೋ. ತೆಗೆದವರು ಫ್ರೀಡಾಳ ಅಪ್ಪ ಗಿಯೆರ್ಮೊ. ಚರ್ಚು, ಕಟ್ಟಡಗಳ ಫೋಟೋ ತೆಗೆಯುವುದು ಅವರ ಕಸುಬು. ಗೋಡೆ ಕಮಾನುಗಳನ್ನು ಅಳೆದ ಕಣ್ಣೇ ಸೂಟು ತೊಟ್ಟ ಮಗಳನ್ನೂ ನೋಡಿದೆ. ಇದನ್ನು ಬಿಟ್ಟೆಯಲ್ಲ ಅಂತ ನನಗೆ ಬೇಜಾರು.

ಇನ್ನು ಮೆಕ್ಸಿಕೋ ನಗರದ ಕೊಯೊಆಕಾನ್‌ನಲ್ಲಿರುವ ಫ್ರೀಡಾಳ ನೀಲಿ ಮನೆ. ಫ್ರೀಡಾ 1954ರಲ್ಲಿ ತೀರಿಕೊಂಡ ಮೇಲೆ ಗಂಡ ಡಿಯೆಗೊ ರಿವೇರಾ ಅಲ್ಲಿನ ಒಂದು ಬಚ್ಚಲುಮನೆಯನ್ನು ಮುಚ್ಚಿಸಿದರು. ಬಾಗಿಲು ತೆರೆದದ್ದು 2004ರಲ್ಲಿ. ಒಳಗೆ ಸುಮಾರು 300 ಬಟ್ಟೆ, ಒಡವೆ, ಔಷಧಿ, ಬೆನ್ನಿಗೆ ಕಟ್ಟುವ ಪಟ್ಟಿಗಳು, ಕೆಂಪು ಬೂಟು ತೊಡಿಸಿದ ಕೃತಕ ಕಾಲು.

ಇಲ್ಲಿ ನಿಧಾನವಾಗಿ ಬರೆ. ಫ್ರೀಡಾ ತೊಡುತ್ತಿದ್ದ ಉಯಿಪಿಲ್ ಅಂದರೆ ನೇರ ಅಂಚಿನ ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿದ ಸಡಿಲ ಮೇಲಂಗಿ. ಮೈಗೆ ಬಿಗಿಯಾಗಿ ಕತ್ತರಿಸುವುದಿಲ್ಲ. 1925ರ ಬಸ್ ಅಪಘಾತದಲ್ಲಿ ಬೆನ್ನುಮೂಳೆ ಮುರಿದಿದ್ದ ಆಕೆ ಪ್ಲಾಸ್ಟರಿನ ಕವಚ ಹಾಕಿಕೊಳ್ಳಬೇಕಾಗಿತ್ತು; ಅದರ ಮೇಲೆ ಈ ಅಂಗಿ ಆರಾಮಾಗಿ ಕೂರುತ್ತಿತ್ತು. ಪೋಲಿಯೋದಿಂದ ಸಣಕಲಾದ ಬಲಗಾಲನ್ನು ಉದ್ದ ಲಂಗ ಮುಚ್ಚುತ್ತಿತ್ತು. ನೀನು ಸುಮ್ನೆ 'ವರ್ಣರಂಜಿತ' ಅಂದುಬಿಟ್ಟೆ. ಬಣ್ಣ ಎಲ್ಲರಿಗೂ ಕಾಣುತ್ತದೆ ತಂಗೀ. ಆ ಅಂಗಿಯನ್ನು ಆಕೆ ಯಾಕೆ ಆರಿಸಿಕೊಂಡಳು ಅನ್ನುವುದನ್ನು ನೀನೇ ಹೇಳಬೇಕು.

ಆ ಉಡುಪು ಫ್ರೀಡಾ ಕಂಡುಹಿಡಿದದ್ದಲ್ಲ, ದಕ್ಷಿಣ ಮೆಕ್ಸಿಕೋದ ತೆಹುವಾಂತೆಪೆಕ್ ಕಡೆಯ ಹೆಂಗಸರದ್ದು. ಈ ಸಂಗ್ರಹಕ್ಕೆ ಆಗ ಡಿಯೋರ್‌ನ ಹೆಣ್ಣುಮಕ್ಕಳ ಉಡುಪು ವಿನ್ಯಾಸದ ಮುಖ್ಯಸ್ಥೆಯಾಗಿದ್ದ ಮರಿಯಾ ಗ್ರಾತ್ಸಿಯಾ ಕಿಯೂರಿ ಮೆಕ್ಸಿಕೋದ ಕುಶಲಕರ್ಮಿಗಳ ಜೊತೆ ಕೆಲಸ ಮಾಡಿದರು. ನಿನ್ನ ಲೇಖನದಲ್ಲಿ ಕಂಪನಿಯ ಹೆಸರು ಹನ್ನೊಂದು ಸಲ ಇದೆ, ನೇಯುವವರ, ಕಸೂತಿ ಹಾಕುವವರ ಮಾತು ಒಂದೇ ಒಂದು ಸಲವೂ ಇಲ್ಲ. ಇದು ನನಗೆ ಜಾಸ್ತಿ ನೋವು ಮಾಡಿತು. ಸರಿಮಾಡು.

ಕೊನೆಯ ದೃಶ್ಯ ನೀನು ಚೆನ್ನಾಗಿ ಹಿಡಿದಿದ್ದೀಯ. ಮಳೆ, ಬಿಳಿ ಬಟ್ಟೆ, ಅದರ ಮೇಲೆ ಮೆಕ್ಸಿಕೋದ ಕಲಾವಿದೆ ಎಲಿನಾ ಚೌವೆಟ್ ಅವರ ಕೆಂಪು ಕಸೂತಿ. ಹೆಣ್ಣುಮಕ್ಕಳ ಮೇಲಿನ ಹಿಂಸೆಯ ವಿರುದ್ಧ ಅವರು ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ ಅನ್ನುವುದನ್ನು ಮಾತ್ರ ಸೇರಿಸು. ಉಳಿದದ್ದು ಮುಟ್ಟಬೇಡ.

ಇನ್ನೊಂದು ಸಲ ಬರೆದು ಕಳಿಸು. ಈ ಸಲ ಬಚ್ಚಲುಮನೆಯ ಬಾಗಿಲು ಮೊದಲ ಪ್ಯಾರಾದಲ್ಲೇ ತೆರೆಯಲಿ.

ನಿನ್ನ ಅಕ್ಕ