ಫಲಕ ಹೊಳೆಯದಿದ್ದರೂ ಸರಿ, ಗೋಡೆ ಒಣಗಿರಲಿ

ಮಾನ್ಯರೇ,

ಇಂಗ್ಲೆಂಡಿನ ಗ್ರಾಸ್ಮಿಯರ್ ಹಳ್ಳಿಯ ಸೇಂಟ್ ಆಸ್ವಾಲ್ಡ್ ಚರ್ಚಿನಲ್ಲಿರುವ, ಕವಿ ವಿಲಿಯಂ ವರ್ಡ್ಸ್‌ವರ್ತ್ ಸ್ಮಾರಕ ಫಲಕದಂಥದ್ದನ್ನು ಕಂಡಾಗ ‘ಒಮ್ಮೆ ತಿಕ್ಕಿ ತೊಳೆಯಬಾರದೇ’ ಅನ್ನಿಸುವುದು ಸಹಜ. ತೊಳೆಯಬಾರದು.

ಕವಿ ತೀರಿಕೊಂಡದ್ದು 1850ರ ಏಪ್ರಿಲ್ 23ರಂದು. ಸಮಾಧಿ ಹೊರಗಿನ ಅಂಗಳದಲ್ಲಿದೆ. ಒಳಗಿನ ಬಿಳಿ ಅಮೃತಶಿಲೆಯ ಫಲಕ ಶಿಲ್ಪಿ ಥಾಮಸ್ ವೂಲ್ನರ್ ಕೆತ್ತಿದ್ದು. ಅದರಲ್ಲಿ ಒಂದು ಎಡವಟ್ಟೂ ಇದೆ. ಕವಿ ಮೆಚ್ಚಿ ಹಾಡಿದ್ದು ಸಣ್ಣ ಸೆಲಂಡೈನ್ ಹೂವನ್ನು, ಕಲ್ಲಿನಲ್ಲಿ ಮೂಡಿದ್ದು ಬೇರೆಯೇ ಕುಟುಂಬದ ದೊಡ್ಡ ಸೆಲಂಡೈನ್. ತಿಕ್ಕಿ ಸವೆಸದೆ, ಕೆತ್ತಿದ ಎಲೆಯ ಅಂಚು ಚೂಪಾಗಿ ಉಳಿದರೆ ತಾನೇ ಈ ತಪ್ಪೂ ಕಾಣುವುದು!

ಧೂಳಿಗೆ ಮೇಕೆ ಕೂದಲಿನ ಮೆತ್ತನೆಯ ಕುಂಚ ಸಾಕು. ಕುಂಚದ ಲೋಹದ ಪಟ್ಟಿ ಕಲ್ಲಿಗೆ ತಾಗಿ ಗೀರದಂತೆ ಅದಕ್ಕೆ ಬಟ್ಟೆಯ ಟೇಪು ಸುತ್ತಿರಬೇಕು. ಮೇಲಿನಿಂದ ಕೆಳಕ್ಕೆ ಧೂಳು ಬಿಡಿಸುತ್ತ, ಇನ್ನೊಂದು ಕೈಯಲ್ಲಿ ಬಾಯಿಗೆ ತೆಳುಬಟ್ಟೆ ಕಟ್ಟಿದ ವ್ಯಾಕ್ಯೂಮ್ ಹಿಡಿಯಬೇಕು. ಅದು ಕಲ್ಲಿಗೆ ತಾಕಕೂಡದು. ಒದ್ದೆ ಬಟ್ಟೆ ಹಾಕಿದರೆ ಧೂಳು ಕೆಸರಾಗಿ ಕಲ್ಲಿನ ರಂಧ್ರಕ್ಕಿಳಿಯುತ್ತದೆ. ಹಿತ್ತಾಳೆಗೆ ಒಗ್ಗುವ ಹುಣಸೆಹಣ್ಣು, ನಿಂಬೆ, ವಿನಿಗರ್ ಅಮೃತಶಿಲೆಯನ್ನು ಕರಗಿಸುತ್ತವೆ. ಮುಟ್ಟಿದರೆ ಸಕ್ಕರೆಯಂತೆ ಹರಳು ಉದುರುವ ಕಡೆ ಕುಂಚವೂ ಬೇಡ, ತಜ್ಞರನ್ನೇ ಕರೆಸಬೇಕು.

ನಿಜವಾದ ವೈರಿ ಹಿಂದಿನ ಗೋಡೆಯ ತೇವ. ಮಳೆ ಬಿಡದೆ ಸುರಿಯುವ ಊರದು. ಸೂರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ನೀರು ಗೋಡೆಗಿಳಿಯುತ್ತದೆ. ಇಂಥ ಹಳೆಯ ಫಲಕಗಳನ್ನು ಹಿಡಿದಿಡಲು ಹೆಚ್ಚಾಗಿ ಕಬ್ಬಿಣದ ಕೊಂಡಿ ಹಾಕಿರುತ್ತಾರೆ. ಅದು ತುಕ್ಕು ಹಿಡಿದು ಹಲವು ಪಟ್ಟು ಉಬ್ಬಿದಾಗ ಕಲ್ಲಿನ ಮೂಲೆ ಸಿಡಿಯುತ್ತದೆ. ಅಂಚಿನಲ್ಲಿ ಕಂದು ಕಲೆ ಮೂಡಿದರೆ ಅದೇ ಮುನ್ಸೂಚನೆ. ಸುತ್ತ ಸಿಮೆಂಟ್ ಮೆತ್ತಿದರೆ ತೇವ ಹೊರಬರಲು ದಾರಿಯಿಲ್ಲದೆ ಅದರಲ್ಲಿ ಕರಗಿದ ಉಪ್ಪು ಕಲ್ಲಿನ ಮೂಲಕವೇ ಒಡೆದು ಬರುತ್ತದೆ, ಹಾಗಾಗಿ ಸುಣ್ಣದ ಗಾರೆಯೇ ಆಗಬೇಕು. ಚಳಿಗಾಲದಲ್ಲಿ ಭಾನುವಾರ ಮಾತ್ರ ಜೋರಾಗಿ ಹೀಟರ್ ಹಾಕುವುದೂ ತಪ್ಪೇ: ಜನರ ಉಸಿರಿನ ತೇವವೆಲ್ಲ ತಣ್ಣನೆಯ ಶಿಲೆಯ ಮೇಲೆ ಬೆವರಾಗಿ ಕೂರುತ್ತದೆ.

ದುರಸ್ತಿಗೆ ಚರ್ಚ್ ಆಡಳಿತದ ಲಿಖಿತ ಅನುಮತಿ ಬೇಕು. ನಮ್ಮೂರಿಂದ ಹೋಗುವವರು ಫಲಕದಲ್ಲಿ ಕೆತ್ತಿರುವ ಕವಿಯ ಮುಖದ ಕೆನ್ನೆ ಸವರದಿದ್ದರೆ ಉಪಕಾರ. ಬೆರಳಿನ ಎಣ್ಣೆ ಹಳದಿ ಕಲೆಯಾಗಿ ಉಳಿಯುತ್ತದೆ. ನೋಡಿಕೊಳ್ಳುವವರು ವರ್ಷಕ್ಕೊಮ್ಮೆ ಅದೇ ಜಾಗದಿಂದ, ಅಳತೆಪಟ್ಟಿ ಇಟ್ಟು, ಓರೆಬೆಳಕಿನಲ್ಲಿ ಫೋಟೊ ತೆಗೆದಿಡಲಿ. ಬಿರುಕು ಹಳೆಯದೋ ಹೊಸದೋ ಆಗ ಗೊತ್ತಾಗುತ್ತದೆ.

– ಶಿಲಾ ಸಂರಕ್ಷಣೆಯ ಕೆಲಸದಲ್ಲಿರುವ ಇಬ್ಬರು ಓದುಗರು, ಮೈಸೂರು