ಅಚ್ಚು ಗಟ್ಟಿಯಾಗದಿದ್ದರೆ ರೆಸಿನ್ನನ್ನು ದೂರಬೇಡಿ

ಮಾನ್ಯರೇ,

ಮಳೆ ಹಿಡಿಯಿತೆಂದರೆ ಮಾಚೇನಹಳ್ಳಿಯಿಂದ ಸಾಗರ ರಸ್ತೆಯವರೆಗೆ ಫ್ಯೂರಾನ್ ರೆಸಿನ್ (ಅಂಟು ದ್ರವ) ಬೆರೆಸಿದ ಮರಳಿನಿಂದ ಅಚ್ಚು ಮಾಡುವ ಫೌಂಡ್ರಿಗಳಲ್ಲಿ (ಎರಕದ ಕಾರ್ಖಾನೆಗಳಲ್ಲಿ) ಒಂದೇ ದೂರು: ‘ರೆಸಿನ್ ಕಳಪೆ, ಅಚ್ಚು ಕೂರ್ತಿಲ್ಲ.’ ಬಹುತೇಕ ಸಲ ತಪ್ಪು ರೆಸಿನ್ನಿನದಲ್ಲ.

ಮರಳನ್ನು ಹಿಡಿದಿಡುವುದು ಅಲ್ಲೇ ಹುಟ್ಟುವ ಪ್ಲಾಸ್ಟಿಕ್. ಆಮ್ಲ ತಾಗಿದೊಡನೆ ರೆಸಿನ್ನಿನಲ್ಲಿರುವ ಫರ್ಫ್ಯೂರೈಲ್ ಆಲ್ಕೋಹಾಲ್ ಅಣುಗಳು ಒಂದಕ್ಕೊಂದು ಬೆಸೆದು ನೀರು ಬಿಡುತ್ತವೆ. ಆ ನೀರು ಆರದೆ ಬೆಸುಗೆ ಪೂರ್ತಿಯಾಗದು. ಜುಲೈನ ಮಲೆನಾಡ ಗಾಳಿಯಲ್ಲಿ ಅದು ಆರುವುದಾದರೂ ಎಲ್ಲಿ? ಮೇಲಾಗಿ, ಮರಳು 10 ಡಿಗ್ರಿ ತಣ್ಣಗಾದರೆ ಗಟ್ಟಿಯಾಗುವ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಆಗ ಕೈ ಹಾರ್ಡನರ್ (ರೆಸಿನ್ ಗಟ್ಟಿಯಾಗಿಸುವ ಆಮ್ಲ) ಕ್ಯಾನಿಗೆ ಹೋಗುತ್ತದೆ. 100 ಕೆ.ಜಿ. ಮರಳಿಗೆ ಸುಮಾರು 1 ಕೆ.ಜಿ. ರೆಸಿನ್, 300ರಿಂದ 500 ಗ್ರಾಂ ಹಾರ್ಡನರ್ ಸಾಕು. ಹಾರ್ಡನರ್ ಸಾಮಾನ್ಯವಾಗಿ ಪ್ಯಾರಾ ಟಾಲ್ವೀನ್ ಸಲ್ಫೋನಿಕ್ ಆಮ್ಲದ ದ್ರಾವಣ. ಮೂರನೇ ಒಂದು ಪಾಲು ನೀರೇ. ಹೆಚ್ಚು ಸುರಿದರೆ ಮೇಲ್ಮೈ ಬೇಗ ಬಿಗಿದು ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಮೊಳೆಯಿಂದ ಒಂದಂಗುಲ ಕೆರೆದು ನೋಡಿ: ಕಡುಹಸಿರಾಗಿದ್ದರೆ ಕೂತಿದೆ, ಕಂದಾಗಿ ಪುಡಿ ಉದುರಿದರೆ ಇಲ್ಲ. ಹಾಗೇ ಎರಕ ಹೊಯ್ದರೆ ಬ್ಲೋಹೋಲ್ (ಎರಕದೊಳಗೆ ಅನಿಲದ ಗುಳ್ಳೆ) ಖಾತ್ರಿ.

ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೆ ಬೇಕಾದ ಬಿಸ್ಫಿನಾಲ್-ಎ ತಯಾರಿಸುವವರು ಇದೇ ಸಲ್ಫೋನಿಕ್ ಗುಂಪನ್ನು (ಆಮ್ಲದ ಗಂಧಕವಿರುವ ಭಾಗ) ಪಾಲಿಸ್ಟೈರೀನ್ ಮಣಿಗಳಿಗೆ ಅಂಟಿಸಿ ಘನ ಆಮ್ಲವಾಗಿ ಬಳಸುತ್ತಾರೆ. ದ್ರವ ಹರಿದುಹೋಗುತ್ತದೆ, ಆಮ್ಲ ಮಣಿಯಲ್ಲೇ ಉಳಿಯುತ್ತದೆ. ಫೌಂಡ್ರಿಯಲ್ಲಿ ಆ ಭಾಗ್ಯವಿಲ್ಲ. ಹಾಕಿದ ಆಮ್ಲವೆಲ್ಲ ಮರಳಿನಲ್ಲೇ. ಕಬ್ಬಿಣ ಹೊಯ್ದಾಗ ಆ ಆಮ್ಲದ ಗಂಧಕದ ಒಂದಂಶ ಘಾಟು ಹೊಗೆಯಾಗುತ್ತದೆ, ಒಂದಂಶ ಎಸ್‌.ಜಿ. ಐರನ್ (ಗುಂಡು ಗ್ರಾಫೈಟಿನ ಬೀಡುಕಬ್ಬಿಣ) ಎರಕದ ಹೊರಪದರಕ್ಕೆ ಸೇರಿ, ಗುಂಡಗಿರಬೇಕಾದ ಗ್ರಾಫೈಟನ್ನು ಚಕ್ಕೆಯಾಗಿಸುತ್ತದೆ. ಮರುಬಳಕೆ ಮರಳಿನಲ್ಲಿ ಆಮ್ಲದ ಉಳಿಕೆ ಪ್ರತಿ ಸುತ್ತಿನಲ್ಲೂ ಕೂಡುತ್ತಾ ಹೋಗುತ್ತದೆ.

ಆಮ್ಲ ಹೆಚ್ಚಿಸುವ ಬದಲು ಮರಳನ್ನು ಒಣಗಿಸಿ, 25ರಿಂದ 30 ಡಿಗ್ರಿಗೆ ಬೆಚ್ಚಗೆ ಮಾಡಿ. ಥರ್ಮಾಮೀಟರ್ ಮರಳೊಳಗೆ ಹೂತು ನೋಡಬೇಕು, ಗೋಡೆಯದು ಲೆಕ್ಕಕ್ಕಿಲ್ಲ. ಮಿಕ್ಸರಿಗೆ ಮೊದಲು ಹಾರ್ಡನರ್, ಅದು ಮರಳಿಗೆಲ್ಲ ಹತ್ತಿದ ಮೇಲೆ ರೆಸಿನ್. ಕಲಸಿದ್ದು ಬಿಗಿಯತೊಡಗಿದರೆ ಚೆಲ್ಲಿಬಿಡಿ. ಒತ್ತಿ ತುಂಬಿದರೆ ಅಚ್ಚು ಉದುರುತ್ತದೆ.

ರೆಸಿನ್ನಿಗೆ ನೇರವಾಗಿ ಹಾರ್ಡನರ್ ಸುರಿದರೆ ಕ್ಷಣದಲ್ಲಿ ಕುದಿದು ಸಿಡಿಯುತ್ತದೆ. ಎರಡನ್ನೂ ಒಂದೇ ಮಗ್ಗಿನಲ್ಲಿ ಅಳೆಯುವ ರೂಢಿ ನಿಲ್ಲಲಿ. ಪೂರೈಕೆದಾರರು ಈ ಎಚ್ಚರಿಕೆಯನ್ನು ಕ್ಯಾನಿನ ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಈಗ ಸಣ್ಣ ಇಂಗ್ಲಿಷಿನಲ್ಲಿರುವುದನ್ನು ಮಿಕ್ಸರ್ ಮುಂದೆ ನಿಂತವರು ಓದುವುದಿಲ್ಲ.

– ಫೌಂಡ್ರಿ ತಂತ್ರಜ್ಞರು, ಶಿವಮೊಗ್ಗ