ಲ್ಯಾಬಿನ ಚಾವಿ

ನವನಗರ, ಬಾಗಲಕೋಟೆ

ಚಿ. ಪುಟ್ಟಿಗೆ ಅತ್ತಿಯ ಆಶೀರ್ವಾದಗಳು.

ಇಂಡಿ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿದೆ ಅಂತ ನಿನ್ನ ಅಪ್ಪ ಫೋನ್ ಮಾಡಿದ್ದ. ಸಣ್ಣ ಕಾಲೇಜು, ಕೆಮಿಸ್ಟ್ರಿಗೆ ನೀನೊಬ್ಬಳೇ ಹೆಣ್ಣುಮಗಳು ಅಂತ ಸಪ್ಪಗಿದ್ದೀಯಂತೆ. ಅದಕ್ಕೇ ಈ ಪತ್ರ.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ 1979ರಲ್ಲಿ ಕೆಲಸಕ್ಕೆ ಸೇರಿದಾಗ ಬಾಗಲಕೋಟೆ ಇನ್ನೂ ಬಿಜಾಪುರ ಜಿಲ್ಲೆಯಲ್ಲೇ ಇತ್ತು. ನೀನು ಓದಿದ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಶುರುವಾಗಿದ್ದೇ 2003ರಲ್ಲಿ. ನಮ್ಮ ಸ್ಟಾಫ್ ರೂಮಿಗೆ ಬಂದ ಮೊದಲ ಹೆಣ್ಣುಮಗಳು ನಾನು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಆದರೆ ಅತಿಥಿಗಳು ಬಂದರೆ ಆರತಿ ತಟ್ಟೆ ನನ್ನ ಕೈಗೆ, ಲ್ಯಾಬಿನ ಚಾವಿ ಬೇರೆಯವರ ಕೈಗೆ. ಒಂದು ವರ್ಷ ಸುಮ್ನಿದ್ದೆ. ಅದು ನನ್ನ ತಪ್ಪು. ಕೊನೆಗೆ ಪ್ರಿನ್ಸಿಪಾಲರ ಮುಂದೆ ನಿಂತು ಚಾವಿ ಕೇಳಿದೆ, ಕೊಟ್ಟರು.

ಮೊದಲು ಮಾಡಿಸಿದ್ದು ನೀರಿನ ಗಡಸುತನದ ಪ್ರಯೋಗ. ಊರಿನ ನೀರು ಒಂದೊಂದು ಬಾಟಲಿ ತನ್ನಿ ಅಂದೆ. ಬಾವಿಯದು, ಬೋರಿನದು, ಘಟಪ್ರಭಾ ಹೊಳೆಯದು, ಎಲ್ಲ ಬಂತು. ಫ್ಲಾಸ್ಕಿನ ನೀರಿಗೆ ಅಮೋನಿಯಾ ಬಫರ್, ಚಿಟಿಕೆ ಇಂಡಿಕೇಟರ್ ಹಾಕಿದರೆ ದ್ರಾಕ್ಷಿ ರಸದ ಕೆಂಪು. ಮೇಲಿಂದ ಬ್ಯುರೆಟ್ ಅನ್ನೋ ಅಳತೆಯ ಗಾಜಿನ ಕೊಳವೆಯಿಂದ ಇಡಿಟಿಎ ದ್ರಾವಣ ಹನಿ ಹನಿ ಬಿಡಬೇಕು. ನೀರು ಗಡಸಾದಷ್ಟೂ ನೀಲಿಯಾಗಲು ಹೆಚ್ಚು ಹನಿ ಬೇಕು. ಹೊಳೆಯ ನೀರು ಬೇಗ ನೀಲಿಯಾಯಿತು. ಒಂದು ಬೋರಿನ ನೀರಿಗೆ ಬ್ಯುರೆಟ್ ಇಳಿಯುತ್ತಲೇ ಇತ್ತು, ಕೆಂಪು ಹೋಗಲೊಲ್ಲದು. ಅಲ್ಲಿಯವರೆಗೆ ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ, "ಮೇಡಂ, ಅದಕ್ಕ ನಮ್ಮನ್ಯಾಗ ಬ್ಯಾಳಿ ಬೇಯೂದಿಲ್ರೀ!" ಅಂದಳು. ಹೌದವ್ವಾ, ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಬೇಳೆಯೂ ಸರಿಯಾಗಿ ಬೇಯದು, ಸಾಬೂನೂ ನೊರೆ ಬಿಡದು ಅಂದೆ. ಅವಳು ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದಳು. ಬ್ಯಾಚಿನಲ್ಲಿ ಹನ್ನೆರಡೇ ಮಕ್ಕಳಿದ್ದರು, ಅದಕ್ಕೇ ಅವಳ ಮಾತು ನನ್ನ ಕಿವಿಗೆ ಬಿತ್ತು. ಸಣ್ಣ ಕಾಲೇಜು ಅಂತ ಬೇಜಾರು ಮಾಡಿಕೊಳ್ಳಬೇಡ ಪುಟ್ಟಿ.

ರಂಗೋಲಿ ಸ್ಪರ್ಧೆ, ಸ್ವಾಗತ ಸಮಿತಿ ಕೊಟ್ಟರೆ ಮಾಡು, ಮಕ್ಕಳಿಗೆ ಅದೂ ಬೇಕು. ಆದರೆ ಪ್ರಾಕ್ಟಿಕಲ್ ಬ್ಯಾಚು ಮತ್ತು ಸ್ಟಾಕ್ ರಿಜಿಸ್ಟರ್ ಮೊದಲ ವಾರದಲ್ಲೇ ಬಾಯಿಬಿಟ್ಟು ಕೇಳಿ ತಗೋ. ನನ್ನಂತೆ ವರ್ಷ ಕಾಯಬೇಡ. ಪಿಎಚ್.ಡಿ.ಯನ್ನೂ ಮುಂದೂಡಬೇಡ. ಮಕ್ಕಳು ದೊಡ್ಡವರಾಗಲಿ ಅಂತ ನಾನು ಬಿಟ್ಟೆ, ಮತ್ತೆ ಹಿಡಿಯಲು ಆಗಲೇ ಇಲ್ಲ. ಈಗಲೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನನ್ನ ಹಳೆಯ ಪ್ರಾಕ್ಟಿಕಲ್ ನೋಟ್‌ಬುಕ್ ಕಪಾಟಿನಲ್ಲಿದೆ. ಆಸಿಡ್ ಬಿದ್ದು ಎರಡು ಹಾಳೆ ತೂತಾಗಿವೆ, ಉಳಿದದ್ದು ಓದಬಹುದು. ಪಂಚಮಿಗೆ ಬಾ, ಶೇಂಗಾ ಉಂಡಿ ಕಟ್ಟಿರುತ್ತೇನೆ. ಬರುವಾಗ ಇಂಡಿಯ ನಿಂಬೆಹಣ್ಣು ತಾ.

ನಿನ್ನ ಅತ್ತಿ